ಡೋರ್ನಹಳ್ಳಿ ಬಸ್ಸಿನಲ್ಲಿ ಸಿಕ್ಕ ಗಣಿತ ಟ್ಯೂಷನ್

ಕಳೆದ ವರ್ಷ ನನ್ನ ತಂಗಿ ರೋಜಾ ಹತ್ತನೇ ತರಗತಿಗೆ ಕಾಲಿಟ್ಟ ಮೇಲೆ ನಮ್ಮ ಮನೆಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಹೊಟ್ಟೆನೋವು ಶುರುವಾಯಿತು. ಆ ದಿನಗಳಲ್ಲಿ ಶಾಲೆಯ ಮೊದಲನೇ ಪೀರಿಯಡ್ ಗಣಿತ. ಮಂಗಳವಾರ ಅದೇ ಹೊಟ್ಟೆ ಎರಡು ಪ್ಲೇಟ್ ಚುರುಮುರಿಯನ್ನು ಆರಾಮಾಗಿ ಅರಗಿಸಿಕೊಳ್ಳುತ್ತಿತ್ತು. ಅಮ್ಮ ಮೊದಲು ಜೀರಿಗೆ ನೀರು ಕೊಟ್ಟಳು. ಆಮೇಲೆ ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದಳು. ಕ್ರೈಸ್ತರ ಮನೆಯಲ್ಲಿ ಹಾಗೆಲ್ಲ ಮಾಡಬಾರದು ಎಂದು ತಡವಾಗಿ ನೆನಪಾಗಿ ಚರ್ಚಿನಿಂದ ತಂದ ತೀರ್ಥ ಚಿಮುಕಿಸಿದಳು. ಅಷ್ಟರಲ್ಲಿ ಮೊದಲ ಕಿರುಪರೀಕ್ಷೆಯ ಅಂಕ ಬಂತು. ಗಣಿತದಲ್ಲಿ ಇಪ್ಪತ್ತಕ್ಕೆ ಎರಡು. ನೋವಿನ ಮೂಲ ಎಲ್ಲಿದೆ ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ಸಂತ ಅಂತೋಣಿಯವರ ಭಕ್ತರೇ, ಸಂತರ ಉಪಕಾರಕ್ಕೆ ಈ ಸಾಕ್ಷಿ ಬರೆಯುತ್ತಿರುವವನು ಮೈಸೂರು ಕುಂಬಾರಕೊಪ್ಪಲಿನ ಕಿರಣ. ಜ್ಞಾನಸ್ನಾನದ ಹೆಸರು ಚೌರಪ್ಪ, ಆ ಹೆಸರಿನಲ್ಲಿ ಕರೆದರೆ ನಾನು ತಿರುಗಿ ನೋಡುವುದಿಲ್ಲ. ನಮ್ಮ ಚರ್ಚಿನವರಿಗೆ ನನ್ನ ಪರಿಚಯ ಬೇಕಿಲ್ಲ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಫಾದರ್ ಉಪದೇಶ ಮಾಡುವ ಹಾಗೆ ಮಾಡಿ ತೋರಿಸಿದವನು ನಾನೇ. ಫಾದರ್ ಕ್ಷಮಿಸಿದ್ದಾರೆ, ಗಾಯನ ತಂಡದ ರೀಟಾ ಆಂಟಿ ಮಾತ್ರ ಇನ್ನೂ ಕ್ಷಮಿಸಿಲ್ಲ. ಯಾರನ್ನು ನೋಡಿದರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂರುತ್ತದೆ. ಏನು ಮಾಡಲಿ? ಗಣಿತದ ವಿಷಯಕ್ಕೆ ಬಂದರೆ, ನಾನು ಹತ್ತನೇ ತರಗತಿಯಲ್ಲಿ ಪಾಸಾದದ್ದೇ ಅಂತೋಣಪ್ಪನ ದೊಡ್ಡ ಪವಾಡ. ಅದಕ್ಕೆ ಸಾಕ್ಷಿ ಬರೆದರೆ ಪೇಪರ್ ತಿದ್ದಿದವರಿಗೆ ತೊಂದರೆಯಾದೀತೆಂದು ಸುಮ್ಮನಿದ್ದೇನೆ. ಲೆಕ್ಕದ ಸಹವಾಸ ಬೇಡವೆಂದು ಬಿ.ಕಾಂ. ಸೇರಿದೆ. ಅಲ್ಲಿ ಅದು ಅಕೌಂಟೆನ್ಸಿ ಎಂದು ಹೆಸರು ಬದಲಿಸಿಕೊಂಡು ಕೂತಿತ್ತು.

ಆದ್ದರಿಂದ ತಂಗಿಗೆ ನಾನು ಹೇಳಿಕೊಡುವ ಮಾತೇ ಇರಲಿಲ್ಲ. ಟ್ಯೂಷನ್ ಹುಡುಕಬೇಕಿತ್ತು. ಅಮ್ಮ ಎಲ್ಲಕ್ಕೂ ಹೋಗುವ ಕಡೆಗೇ ಹೋದಳು.

ನಮ್ಮ ಚರ್ಚಿನಲ್ಲಿ ಮಂಗಳವಾರದ ನೊವೇನ ಪ್ರಾರ್ಥನೆಗೆ ಬರುವವರು ತಮ್ಮ ಕೋರಿಕೆಯನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಫಾದರ್ ಅವನ್ನು ಮೈಕಿನಲ್ಲಿ ಓದುತ್ತಾರೆ. ತಿಳಿದವರು ‘ಒಬ್ಬ ಭಕ್ತೆ’ ಎಂದಷ್ಟೇ ಬರೆಯುತ್ತಾರೆ. ನಮ್ಮಮ್ಮ, ಸಂತರು ಬೇರೆಯವರ ಮನೆಗೆ ಹೋಗಿಬಿಟ್ಟರೆ ಎಂಬ ಭಯದಿಂದ, ಪೂರ್ತಿ ವಿಳಾಸ ಬರೆದಿದ್ದಳು. ಫಾದರ್ ಅರ್ಧ ಓದಿದ ಮೇಲೆ ನಿಲ್ಲಿಸಲೂ ಆಗದೆ ಮುಂದುವರಿಸಿದರು:

“ಕುಂಬಾರಕೊಪ್ಪಲು, ನೀರಿನ ಟ್ಯಾಂಕಿನ ಹಿಂದಿನ ಬೀದಿ, ಇನ್ನಾಸಪ್ಪನವರ ಮಗಳು ರೋಜಾ, ಹತ್ತನೇ ತರಗತಿ, ಗಣಿತದಲ್ಲಿ ಇಪ್ಪತ್ತಕ್ಕೆ ಎರಡು... ಈಕೆಗೆ ಒಳ್ಳೆಯ ಟ್ಯೂಷನ್ ದೊರೆಯಲೆಂದು ಪ್ರಾರ್ಥಿಸೋಣ.”

“ಸಂತ ಅಂತೋಣಿಯವರೇ, ನಮಗಾಗಿ ಪ್ರಾರ್ಥಿಸಿರಿ!” ಎಂದು ಇಡೀ ಚರ್ಚು ಹೇಳಿತು. ಅಷ್ಟು ಜೋರಾಗಿ ಈಸ್ಟರಿನಲ್ಲೂ ಹೇಳುವುದಿಲ್ಲ. ರೋಜಾ ದುಪಟ್ಟಾವನ್ನು ತಲೆಯಿಂದ ಮೂಗಿನವರೆಗೂ ಎಳೆದುಕೊಂಡಳು.

ನೊವೇನ ಮುಗಿದು ಅಂಗಳಕ್ಕೆ ಬಂದರೆ ಪ್ರಾರ್ಥನೆ ಆಗಲೇ ಫಲಿಸಿತ್ತು, ಅದೂ ಒಂದರ ಮೇಲೊಂದು.

“ಹೆಬ್ಬಾಳದಲ್ಲಿ ಒಂದು ಸೆಂಟರ್ ಅದೆ ಕಣಮ್ಮ ಸ್ಟೆಲ್ಲಾ, ಬಿಲ್ಡಿಂಗ್ ನೋಡಿದ್ರೇ ಲೆಕ್ಕ ಬತ್ತದೆ,” ಎಂದು ಅಮ್ಮನಿಗೆ ಹೇಳಿದರು ರೀಟಾ ಆಂಟಿ.

“ಬಿಲ್ಡಿಂಗ್ ಕಟ್ಕೊಂಡು ಏನ್ರೀ ಮಾಡೋದು? ನಮ್ಮ ಬೀದಿ ರಿಟೈರ್ಡ್ ಮೇಷ್ಟ್ರ ಹತ್ರ ಕಳ್ಸಿ. ಬೆನ್ನಿಗೆ ಎರಡು ಬಿಟ್ರೆ ಅಂಗೇ ನೂರು ತೆಗೀತವೆ ಮಕ್ಳು.”

“ಈಗೆಲ್ಲ ಫೋನಲ್ಲೇ ಪಾಠ ಕಣ್ರೀ. ನಮ್ಮ ತಮ್ಮನ ಮಗ ಮಂಚದ ಮೇಲೆ ಮಲ್ಕೊಂಡೇ ಕಲೀತಾನೆ.”

“ಏನು ಕಲ್ತ?”

“ಅದೇ, ಮಲ್ಕೊಳ್ಳೋದು!” ಎಂದು ನಾನು ನಡುವೆ ಬಾಯಿ ಹಾಕಿ ಅಮ್ಮನಿಂದ ತಿವಿಸಿಕೊಂಡೆ.

ಹೀಗೆ ನಮ್ಮ ಟ್ಯೂಷನ್ ಯಾತ್ರೆ ಹೊರಟಿತು. ಎಲ್ಲ ಕಡೆಯೂ ಒಂದು ದಿನ ಪುಕ್ಕಟೆಯಾಗಿ ಕೂತು ಪಾಠ ಕೇಳಬಹುದು, ಅದಕ್ಕೆ ಡೆಮೊ ಎನ್ನುತ್ತಾರೆ. ರೋಜಾಳ ಜೊತೆಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಮನೆಗೆ ಬಂದು ಅಮ್ಮ ಅಪ್ಪನ ಮುಂದೆ ಆ ಮೇಷ್ಟರನ್ನು ಹಾಗೇ ಇಳಿಸುತ್ತಿದ್ದೆ. ರಿಟೈರ್ಡ್ ಮೇಷ್ಟರ ಭಾಗವನ್ನು ಓದುವವರು ದಯವಿಟ್ಟು ಮೂಗಿನಲ್ಲಿ ಓದಿಕೊಳ್ಳಬೇಕು: “ಏನಮ್ಮಾ... ಪೈಥಾಗೊರಸ್ಸು ನಿಂಗೇನಮ್ಮಾ ಅನ್ಯಾಯ ಮಾಡಿದ್ದ? ಯಾಕಮ್ಮಾ ಅವನ ಹೊಟ್ಟೆ ಉರಿಸ್ತೀಯಾ?” ಫೋನ್ ಪಾಠದವರ ಕಡೆಯಿಂದ ಟೈ ಕಟ್ಟಿದ ಹುಡುಗನೊಬ್ಬ ಮನೆಗೇ ಬಂದಿದ್ದ. ಆನೆಮರಿಯೊಂದು ಭಿನ್ನರಾಶಿ ಹಂಚುವ ವೀಡಿಯೊ ತೋರಿಸಿದ. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅಪ್ಪ ಕೂತಲ್ಲೇ ಗೊರಕೆ ಹೊಡೆದರು. ಹುಡುಗ ಬಲು ಮರ್ಯಾದಸ್ಥ, ವೀಡಿಯೊದ ದನಿ ತಗ್ಗಿಸಿದ.

ಹೆಬ್ಬಾಳದ ಸೆಂಟರ್ ಬೇರೆಯೇ ಲೋಕ. ಗಾಜಿನ ಬಾಗಿಲು, ಎ.ಸಿ., ಗೋಡೆ ತುಂಬ ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೊ. ಸರ್ ಕಾಲರಿಗೆ ಮೈಕ್ ಸಿಕ್ಕಿಸಿಕೊಂಡು ಓಡಾಡುತ್ತ, “ಓಕೇನಾ? ಕ್ಲಿಯರಾ? ಓಕೇನಾ?” ಎನ್ನುತ್ತಿದ್ದರು. ಹಾಲ್ ತುಂಬ ಕೂತಿದ್ದ ಮಕ್ಕಳು “ಓಕೇ ಸರ್” ಎನ್ನುತ್ತಿದ್ದರು. ಅಪ್ಪ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವರು. ಅಲ್ಲಿಗೊಮ್ಮೆ ಬಂದು ನೋಡಿ ತೀರ್ಪು ಕೊಟ್ಟೇಬಿಟ್ಟರು: “ಮಷಿನ್ ಚೆನ್ನಾಗಿದ್ರೆ ಪೀಸ್ ಚೆನ್ನಾಗಿ ಬತ್ತದೆ. ಇಲ್ಲಿಗೇ ಹಾಕು.”

ರೋಜಾ ಏನೆಂದಳು? ಯಾರೂ ಕೇಳಲಿಲ್ಲ. ನಾನಂತೂ ಆಗಲೇ ಚಮಚವನ್ನು ಕಾಲರಿಗೆ ಸಿಕ್ಕಿಸಿಕೊಂಡು ಮನೆಯಲ್ಲಿ ಓಡಾಡುತ್ತಿದ್ದೆ.

ಮುಂದಿನ ತಿಂಗಳುಗಳನ್ನು ಬರೆಯುವಾಗ ನನಗೆ ತಮಾಷೆ ಬರುವುದಿಲ್ಲ. ಸಂಜೆ ಹೆಬ್ಬಾಳದಿಂದ ಬರುವ ಬಸ್ಸುಗಳಲ್ಲಿ ಪಾಳಿ ಬಿಟ್ಟ ಕಾರ್ಮಿಕರು ತುಂಬಿರುತ್ತಾರೆ. ರೋಜಾ ಅವರ ನಡುವೆ ನಿಂತು, ಬ್ಯಾಗನ್ನು ಎದೆಗವುಚಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಅವಳ ಮಾತು ಕಡಿಮೆಯಾಯಿತು. “ಊಟ ಮಾಡ್ದಾ?” ಅಂದರೆ “ಓಕೆ.” “ತಲೆನೋವಾ?” ಅಂದರೆ “ಓಕೆ.” ಸರ್ ಕೇಳುವ ಪ್ರಶ್ನೆಗೆ ಕಲಿತ ಉತ್ತರವೇ ಅವಳ ಎಲ್ಲ ಮಾತೂ ಆಗಿಹೋಯಿತು.

ದಸರಾ ರಜೆಗೆ ಮುಂಚೆ ಅರ್ಧವಾರ್ಷಿಕ ಪರೀಕ್ಷೆ. ಗಣಿತದ ದಿನ ಶಾಲೆಯಿಂದ ಫೋನ್ ಬಂತು. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ರೋಜಾ ತಲೆ ತಿರುಗಿ ಬಿದ್ದಿದ್ದಾಳೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದರು. ನಾನೂ ಅಮ್ಮನೂ ಆಟೋದಲ್ಲಿ ಓಡಿದೆವು. ಅಮ್ಮ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡಿದ್ದಳು. ರೋಜಾಳ ಕೈಗೆ ಗ್ಲೂಕೋಸ್ ಹಾಕಿದ್ದರು, ಮುಖ ಬಿಳುಚಿಹೋಗಿತ್ತು. ಡಾಕ್ಟರು ರಕ್ತ ನೋಡಿದರು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಏನೂ ಇಲ್ಲ.

“ಇವಳು ಯಾವುದಕ್ಕೋ ತುಂಬ ಹೆದರಿದ್ದಾಳೆ. ಯಾವುದಕ್ಕಮ್ಮ?” ಎಂದು ಅಮ್ಮನನ್ನು ಕೇಳಿದರು.

“ಗಣಿತಕ್ಕೆ, ಡಾಕ್ಟ್ರೇ.”

ಡಾಕ್ಟರು ಕನ್ನಡಕ ತೆಗೆದರು. “ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲಮ್ಮ. ಇದ್ದಿದ್ರೆ ಸ್ಕೂಲಲ್ಲಿದ್ದಾಗ ನಾನೇ ನುಂಗ್ತಿದ್ದೆ.”

ಅಮ್ಮ ಬಿಲ್ ಕಟ್ಟಲು ಹೋದಾಗ ರೋಜಾ ನನ್ನ ಕಡೆ ನೋಡದೆಯೇ ಹೇಳಿದಳು: “ಅಣ್ಣ, ನಾನು ಪಬ್ಲಿಕ್ ಎಕ್ಸಾಮ್ ಬರೆಯಲ್ಲ. ಸ್ಕೂಲಿಗೂ ಹೋಗಲ್ಲ. ಅಮ್ಮಂಗೆ ನೀನೇ ಹೇಳು.”

“ಯಾರ ವಾಯ್ಸಲ್ಲಿ ಹೇಳ್ಲಿ? ಫಾದರ್ ವಾಯ್ಸಾ, ಮೇಷ್ಟ್ರ ವಾಯ್ಸಾ?”

ಅವಳು ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನ ಬಳಿ ಇದ್ದ ಅಷ್ಟೂ ದನಿಗಳಲ್ಲಿ ಒಂದೂ ಆ ವಾರ್ಡಿನಲ್ಲಿ ಕೆಲಸಕ್ಕೆ ಬರಲಿಲ್ಲ.

ದಸರಾ ರಜೆ ಮುಗಿಯಿತು. ಅವಳು ಹೇಳಿದ ಹಾಗೆಯೇ ಶಾಲೆಗೆ ಹೋಗಲಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸಲಾಗುವುದಿಲ್ಲ ಎಂದು ಶಾಲೆಯವರು ಹೇಳಿ ಕಳಿಸಿದರು. ಅಪ್ಪ ಬೈದರು, ಬೇಡಿಕೊಂಡರು, ಕೊನೆಗೆ ಬಾಗಿಲಲ್ಲಿ ಕೂತುಬಿಟ್ಟರು. ಅಮ್ಮ ಒಂದೇ ಮಾತು ಹೇಳಿದಳು: “ಡೋರ್ನಹಳ್ಳಿಗೆ ಹೋಗ್ಬುಟ್ಟು ಬರೋಣ.”

ನಮ್ಮ ಕಡೆಯವರಿಗೆ ಡೋರ್ನಹಳ್ಳಿಯ ಅಂತೋಣಪ್ಪನ ಬಗ್ಗೆ ಹೇಳಬೇಕಿಲ್ಲ. ಹೊಲ ಉಳುವಾಗ ನೇಗಿಲಿಗೆ ಸಿಕ್ಕ ವಿಗ್ರಹವಾಗಿ ಮೇಲೆದ್ದು ಬಂದವನು, ಜಾತಿ ಮತ ಕೇಳದೆ ಎಲ್ಲರನ್ನೂ ಕರೆಸಿಕೊಳ್ಳುವವನು. ಮಂಗಳವಾರ ಬೆಳಿಗ್ಗೆ ಅಮ್ಮ, ರೋಜಾ, ನಾನು ಮೂವರೂ ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ನಾನು ಕಿಟಕಿಯಿಂದ ಕರ್ಚೀಫ್ ಎಸೆದು ಸೀಟ್ ಹಿಡಿದೆ. ಒಳಗೆ ಹೋಗುವಷ್ಟರಲ್ಲಿ ಆ ಕರ್ಚೀಫಿನ ಮೇಲೆ ಅಜ್ಜನೊಬ್ಬರು ಕೂತಿದ್ದರು. ನಿಂತುಕೊಂಡೇ ಹೋದೆವು.

ಗುಡಿಯಲ್ಲಿ ಮೇಣದಬತ್ತಿಯ ಬಿಸಿ, ಹೂವಿನ ವಾಸನೆ, ಜನವೋ ಜನ. ಅಮ್ಮ ಮೊಣಕಾಲೂರಿ ಅತ್ತಳು. ನಾನೂ ಪ್ರಾರ್ಥನೆಗೆ ಬಾಯಿ ತೆರೆದೆ. ನಗಬೇಡಿ, ನಾನು ಪ್ರಾರ್ಥನೆ ಮಾಡುವಾಗಲೂ ನನಗರಿವಿಲ್ಲದೆ ಫಾದರ್ ದನಿ ಬಂದುಬಿಡುತ್ತದೆ, ‘ಪ್ರಿಯ ಸಹೋದರ ಸಹೋದರಿಯರೇ’ ಎನ್ನುವ ಹಾಗೆ. ಅವತ್ತು ಬರಲಿಲ್ಲ. ಬಂದದ್ದು ಸಣ್ಣದೊಂದು ದನಿ, ಸ್ವಲ್ಪ ಕೀರಲು. ಅದು ನನ್ನದೇ. “ಅಂತೋಣಪ್ಪ, ಕಳೆದುಹೋದದ್ದನ್ನೆಲ್ಲ ನೀನು ಹುಡುಕಿಕೊಡ್ತೀಯಂತೆ. ನನ್ನ ತಂಗಿ ಮನೆಯಲ್ಲೇ ಇದ್ದಾಳೆ, ಆದರೂ ಕಳೆದುಹೋಗಿದ್ದಾಳೆ. ಹುಡುಕಿಕೊಡು.” ಟ್ಯೂಷನ್ ಎಂಬ ಮಾತನ್ನೇ ಎತ್ತಲಿಲ್ಲ. ಮರೆತೇ ಹೋಗಿತ್ತು.

ವಾಪಸ್ ಬರುವಾಗ ಅಮ್ಮನಿಗೂ ರೋಜಾಳಿಗೂ ಸೀಟ್ ಸಿಕ್ಕಿತು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ರೋಜಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆ ಮೌನ ತಡೆಯಲಾಗದೆ, ಟಿಕೆಟನ್ನು ಕಾಲರಿಗೆ ಸಿಕ್ಕಿಸಿಕೊಂಡು ಹೆಬ್ಬಾಳದ ಸರ್ ಆಗಿಬಿಟ್ಟೆ.

“ಡಿಯರ್ ಸ್ಟೂಡೆಂಟ್ಸ್! ಇವತ್ತು ಸಮಾಂತರ ಶ್ರೇಢಿ. ಮೊದಲ್ನೇ ಸಂಖ್ಯೆ ಐದು. ಪ್ರತಿ ಸಲ ಮೂರು ಮೂರು ಸೇರಿಸ್ತಾ ಹೋಗ್ಬೇಕು. ಓಕೇನಾ? ಹತ್ತನೇ ಸಂಖ್ಯೆ ಬೇಕಾ? ಐದಕ್ಕೆ ಹತ್ತು ಸಲ ಮೂರು ಸೇರ್ಸಿ, ಮೂವತ್ತೈದು! ಕ್ಲಿಯರಾ?”

ಹಿಂದಿನ ಸೀಟಿನವರು ನಕ್ಕರು. “ಓಕೇ ಸರ್!” ಎಂದು ಕಂಡಕ್ಟರು ಬಾಗಿಲಿಂದಲೇ ಕೂಗಿದರು.

“ಹತ್ತು ಸಲ ಅಲ್ಲ ಕಣೋ,” ಎಂದಳು ರೋಜಾ.

ಎಷ್ಟೋ ವಾರಗಳ ಮೇಲೆ ಕೇಳಿದ ಒಂದು ಪೂರ್ತಿ ವಾಕ್ಯ ಅದು. ನಾನು ಬೇಕೆಂದೇ ತಪ್ಪು ಹೇಳಿದೆ ಎಂದು ಇಲ್ಲಿ ಬರೆದರೆ ನನಗೆ ಮರ್ಯಾದೆ. ಆದರೆ ಇದು ಸಾಕ್ಷಿ, ಸುಳ್ಳು ಬರೆಯಬಾರದು. ನನಗೆ ಬರುತ್ತಿದ್ದದ್ದೇ ಅಷ್ಟು.

“ಹತ್ತನೇದು ಅಂದ್ಮೇಲೆ ಹತ್ತು ಸಲಾನೇ ಅಲ್ವೇನೇ?” ಎಂದೆ ನನ್ನ ದನಿಯಲ್ಲೇ.

“ಲೋ ದಡ್ಡ, ಈ ಬಸ್ಸನ್ನೇ ತಗೋ. ಹತ್ತು ಸ್ಟಾಪ್ ಇದ್ರೆ ಬಸ್ಸು ಎಷ್ಟು ಸಲ ಹೊರಡುತ್ತೆ? ಮೊದಲ್ನೇ ಸ್ಟಾಪಲ್ಲಿ ಆಗಲೇ ನಿಂತಿದೆ ತಾನೇ? ಒಂಬತ್ತು ಸಲ ಹೊರಟ್ರೆ ಹತ್ತನೇ ಸ್ಟಾಪ್ ಬಂತು. ಅಂಗೇ ಇದೂನೂ. ಐದು ಆಗಲೇ ಇದೆ. ಒಂಬತ್ತು ಸಲ ಮೂರು ಸೇರ್ಸು. ಮೂವತ್ತೆರಡು.”

“ಹುಡುಗಿ ಹೇಳಿದ್ದೇ ಸರಿ ಕಣ್ರೀ,” ಎಂದು ಕಂಡಕ್ಟರು ಬೆರಳು ಮಡಚಿ ಎಣಿಸಿ ತೀರ್ಪು ಕೊಟ್ಟರು.

ನಾನು ಸೋಲೊಪ್ಪದೆ ಮೂಗು ಹಿಡಿದು ರಿಟೈರ್ಡ್ ಮೇಷ್ಟರಾದೆ. “ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದ್ರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಕಣಮ್ಮಾ...”

“ಟೂ ಎಬಿ ಎಲ್ಲೋ? ಯಲವಾಲದಲ್ಲಿ ಇಳಿಸಿಬಿಟ್ಯಾ?” ಎಂದು ರೋಜಾ ಎದ್ದು ನಿಂತೇಬಿಟ್ಟಳು. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು! ಭಕ್ತರೇ, ಅಂತೋಣಪ್ಪ ಹುಡುಕಿಕೊಡಲು ಎಷ್ಟು ಹೊತ್ತು ತಗೊಂಡ ನೋಡಿ. ನಾವಿನ್ನೂ ಮೈಸೂರು ಮುಟ್ಟಿರಲಿಲ್ಲ.

ಆಗ ಮುಂದಿನ ಸೀಟಿನಲ್ಲಿದ್ದ ಒಬ್ಬರು, ಹಣೆಗೆ ಕುಂಕುಮ, ಮುಡಿ ತುಂಬ ಮಲ್ಲಿಗೆ, ತೊಡೆಯ ಮೇಲೆ ಅಂತೋಣಪ್ಪನ ಪ್ರಸಾದದ ಚೀಲ, ನಗುನಗುತ್ತ ಹಿಂದೆ ತಿರುಗಿದರು.

“ಯಾವ ಕ್ಲಾಸು ಪುಟ್ಟಿ?”

“ಟೆಂತ್, ಆಂಟಿ.”

“ಲೆಕ್ಕ ಚೆನ್ನಾಗಿ ಬರುತ್ತಲ್ಲ ನಿಂಗೆ!”

ಅಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ಎಲ್ಲಿ ಬಂತು ಮೇಡಮ್ಮೋರೇ! ಲೆಕ್ಕದ ಪೇಪರ್ ನೋಡಿ ಆಸ್ಪತ್ರೆ ಸೇರಿದ್ಲು.” ಎಂದು ಎಲ್ಲ ಕಥೆ ಹೇಳಿದಳು. ಚೀಟಿಯ ಕಥೆ, ಬಿಲ್ಡಿಂಗಿನ ಕಥೆ, ಎಲ್ಲ.

ಅವರ ಹೆಸರು ಸುಜಾತಾ. ಕೆ.ಆರ್. ನಗರದ ಕಡೆಯ ಒಕ್ಕಲು ಮನೆತನದವರು, ತಾಯಿಯ ಕಾಲದಿಂದ ಡೋರ್ನಹಳ್ಳಿಗೆ ನಡೆದುಕೊಳ್ಳುವವರು. ಖಾಸಗಿ ಶಾಲೆಯೊಂದರಲ್ಲಿ ಬಹಳ ವರ್ಷ ಗಣಿತ ಹೇಳಿಕೊಟ್ಟು ಕೆಲಸ ಬಿಟ್ಟವರು. ಈಗ ಹೆಬ್ಬಾಳದ ತಮ್ಮ ಮನೆಯಲ್ಲಿ ಸಂಜೆ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು, ಅವರಿಂದಲೇ ಪಾಠ ಹೇಳಿಸುತ್ತಾರಂತೆ. ಅಮ್ಮನ ಮಾತು ಮುಗಿಯುವವರೆಗೂ ಕೇಳಿದ ಮೇಲೆ ಹೇಳಿದರು: “ಈ ಮಗೂಗೆ ಹೇಳಿಕೊಡೋರು ಜಾಸ್ತಿ ಆಗ್ಬುಟ್ಟಿದ್ದಾರೆ ಕಣ್ರಮ್ಮ. ಇವಳು ಹೇಳೋದನ್ನ ಕೇಳಿಸ್ಕೊಳ್ಳೋರು ಬೇಕು. ಒಂದು ದಿನ ಕರ್ಕೊಂಡು ಬನ್ನಿ. ಹಿಡಿಸಿದ್ರೆ ಇರ್ಲಿ, ಇಲ್ದಿದ್ರೆ ಕಾಫಿ ಕುಡ್ಕೊಂಡು ಹೋಗಿ.”

ಅಮ್ಮ ನನ್ನ ಕಿವಿಗೆ ಬಗ್ಗಿದಳು. “ನೋಡ್ಲಾ, ಅಂತೋಣಪ್ಪನೇ ಸೀರೆ ಉಟ್ಕೊಂಡು ಬಂದವ್ನೆ.”

ಮನೆಯಲ್ಲಿ ಅಪ್ಪ ಒಪ್ಪಲಿಲ್ಲ. “ಬಾಗಿಲಿಗೆ ಹೆಸರಿನ ಬೋರ್ಡಿಲ್ಲ, ಬಿಲ್ಡಿಂಗಿಲ್ಲ. ಮೇಡಂ ಸುಮ್ನೆ ಕೂರ್ತಾರಂತೆ, ಮಕ್ಳು ಎದ್ದು ಪಾಠ ಹೇಳ್ಬೇಕಂತೆ. ಅಂಗಾದ್ರೆ ಫೀಸು ಅವರೇ ಇವಳಿಗೆ ಕೊಡ್ಬೇಕು!”

ಅಪ್ಪನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಈ ಸಲ ಅಮ್ಮ ಅಪ್ಪನ ತೀರ್ಪಿಗೆ ಕಾಯಲಿಲ್ಲ. “ರೋಜಾ, ನೀನೇನಂತೀಯವ್ವ?” ಎಂದಳು.

ರೋಜಾ ಎಲ್ಲರನ್ನೂ ಒಮ್ಮೆ ನೋಡಿದಳು. “ಅಲ್ಲಿಗೆ ಹೋಗ್ತೀನಿ. ಸ್ಕೂಲಿಗೂ ಹೋಗ್ತೀನಿ. ಆದ್ರೆ ಅಣ್ಣನೂ ಅಲ್ಲಿಗೆ ಬರ್ಬೇಕು. ತಪ್ಪು ಹೇಳೋಕೆ.”

ಹೀಗೆ ಲೆಕ್ಕ ಬಾರದ ಕಾರಣಕ್ಕೇ ಕೆಲಸ ಸಿಕ್ಕ ಮೊದಲ ಮನುಷ್ಯ ನಾನಾದೆ. ಶನಿವಾರ ಸಂಜೆ ನಾನು ಬೋರ್ಡಿನ ಮುಂದೆ ನಿಂತು ಒಬ್ಬೊಬ್ಬ ಮೇಷ್ಟರಾಗಿ ತಪ್ಪು ಲೆಕ್ಕ ಮಾಡಬೇಕು, ಮಕ್ಕಳು ಎದ್ದು ಬಂದು ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ನನಗೆ ತಿಳಿಹೇಳಬೇಕು. ಮೇಡಂ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ, “ಯಾಕೆ?” ಎಂದಷ್ಟೇ ಕೇಳುವರು. ಅವರ ‘ಯಾಕೆ’ಯಿಂದ ತಪ್ಪಿಸಿಕೊಂಡವರಿಲ್ಲ. ಬೇರೆ ದಿನಗಳಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಮೊದಲ ವಾರ ರೋಜಾ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ತಪ್ಪು ಹೇಳಿದರೆ ಅಲ್ಲಿ ಯಾರೂ ಬೈಯುವುದಿಲ್ಲ, ಯಾಕೆಂದರೆ ಅವಳಿಗಿಂತ ದೊಡ್ಡ ತಪ್ಪು ಮಾಡುವವನು ಪಕ್ಕದಲ್ಲೇ ನಿಂತಿರುತ್ತಿದ್ದ. ಕ್ರಮೇಣ ನನ್ನನ್ನು ಬೈಯುವ ಹುಮ್ಮಸ್ಸಿಗೇ ಅವಳು ಹಿಂದಿನ ರಾತ್ರಿ ಅಧ್ಯಾಯ ಓದಿಕೊಂಡು ಬರತೊಡಗಿದಳು.

ಒಂದು ತೊಂದರೆಯಾಯಿತು. ಡಿಸೆಂಬರ್ ಹೊತ್ತಿಗೆ ನನಗೂ ಲೆಕ್ಕ ಅರ್ಥವಾಗತೊಡಗಿತು. ಒಂದು ಶನಿವಾರ ವರ್ಗ ಸಮೀಕರಣವನ್ನು ಕೊನೆಯವರೆಗೂ ಸರಿಯಾಗಿ ಬಿಡಿಸಿಬಿಟ್ಟೆ. ಮಕ್ಕಳು ಬೆಪ್ಪಾಗಿ ನೋಡಿದರು.

“ಏನಪ್ಪಾ ಕಿರಣ, ಸರಿ ಮಾಡ್ಬುಟ್ಟೆ? ಹಿಂಗಾದ್ರೆ ನಿನ್ನ ಕೆಲಸಕ್ಕೆ ಬೇರೆಯವರನ್ನ ನೋಡ್ಬೇಕಾಯ್ತದೆ,” ಎಂದರು ಮೇಡಂ.

ಪಬ್ಲಿಕ್ ಪರೀಕ್ಷೆಯ ಗಣಿತದ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಅಮ್ಮ ಜಪಸರ ಹಿಡಿದುಕೊಂಡೇ ಕೇಳಿದಳು: “ಹೊಟ್ಟೆ ಎಂಗದೆ ಮಗಳೇ?”

“ಹಸೀತಿದೆ. ಇನ್ನೊಂದು ಇಡ್ಲಿ ಹಾಕು.”

ಪರೀಕ್ಷಾ ಕೇಂದ್ರದ ಗೇಟಿನಾಚೆ ನಾನೂ ಅಪ್ಪನೂ ನಿಂತಿದ್ದೆವು. ಅಪ್ಪ ಪಾಳಿ ಬದಲಾಯಿಸಿಕೊಂಡು ಬಂದಿದ್ದರು. ಆಂಬುಲೆನ್ಸ್ ಎಲ್ಲಾದರೂ ಕೂಗಿದರೆ ಅಪ್ಪ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಕೊನೆಯ ಗಂಟೆ ಹೊಡೆದ ಮೇಲೆ ರೋಜಾ ಗೆಳತಿಯೊಬ್ಬಳ ಜೊತೆ ಜಗಳವಾಡುತ್ತ ಬಂದಳು. “ಅದು ಯಾಕೆ ಹಂಗೆ ಬರುತ್ತೆ ಹೇಳೇ? ಯಾಕೆ?” ಎಂದು ಬೆರಳು ಆಡಿಸುತ್ತಿದ್ದಳು. ನಮ್ಮನ್ನು ನೋಡಲೇ ಇಲ್ಲ, ದಾಟಿಕೊಂಡು ಹೋದಳು. ಅಪ್ಪ ಗೋಡೆಗೆ ಒರಗಿ ಕಣ್ಣೊರೆಸಿಕೊಂಡರು.

ಫಲಿತಾಂಶದಲ್ಲಿ ಗಣಿತಕ್ಕೆ ನೂರಕ್ಕೆ ಎಪ್ಪತ್ತೆಂಟು. ನೂರಕ್ಕೆ ನೂರು ತೆಗೆದ ಮಕ್ಕಳ ಸಾಕ್ಷಿಗಳೂ ನಿಮಗೆ ಸಿಗುತ್ತವೆ, ಅವರಿಗೂ ದೇವರು ಒಳ್ಳೆಯದು ಮಾಡಲಿ. ನಮಗೆ ಆ ಎಪ್ಪತ್ತೆಂಟು ಸ್ವರ್ಗದಿಂದ ಇಳಿದು ಬಂದದ್ದು. ಸಂತ ಅಂತೋಣಿಯವರಿಗೆ, ಅವರು ಎತ್ತಿಕೊಂಡಿರುವ ಬಾಲಯೇಸುವಿಗೆ, ಅವತ್ತು ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದ ಸುಜಾತಾ ಮೇಡಂ ಅವರಿಗೆ, ಬೆರಳು ಎಣಿಸಿದ ಕಂಡಕ್ಟರಿಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆ. ಮಕ್ಕಳಿಗೆ ಟ್ಯೂಷನ್ ಹುಡುಕುತ್ತಿರುವ ತಾಯಿತಂದೆಯರೇ, ಸಂತರನ್ನು ಖಂಡಿತ ಕೇಳಿ, ಅವರು ಕೊಡ್ತಾರೆ. ಮಗುವನ್ನೂ ಒಂದು ಮಾತು ಕೇಳಿ.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ನಿನ್ನೆ ಪಿಯುಸಿ ಅರ್ಜಿ ತುಂಬಲು ಕಾಲೇಜಿಗೆ ಹೋಗಿದ್ದೆವು. ಅಪ್ಪ, “ಸಾಕವ್ವ, ಇನ್ನು ಲೆಕ್ಕ ಇಲ್ಲದ್ದು ಯಾವುದಾದ್ರೂ ತಗೊಂಡು ಆರಾಮಾಗಿರು,” ಎಂದರು. ರೋಜಾ ನನ್ನ ಜೇಬಿನಿಂದ ಪೆನ್ ಎಳೆದುಕೊಂಡು ವಿಜ್ಞಾನ ವಿಭಾಗದ ಮುಂದೆ ಗುರುತು ಹಾಕಿ, ಕೆಳಗೆ ಗಣಿತ ಎಂದು ದಪ್ಪಗೆ ಬರೆದಳು.

ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಎರಡೂ ಕೈ ಮೇಲೆತ್ತಿ, ಕೌಂಟರಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದಳು:

“ಅಂತೋಣಪ್ಪಾ, ನಾವು ಇಷ್ಟೊಂದು ಕೇಳಿರ್ಲಿಲ್ವಲ್ಲಪ್ಪಾ!”